ಕರಿಹಲಗೆಯ ಎಣ್ಣೆಗುರುತು

ಕೆಮಿಸ್ಟ್ರಿ ಮಾಸ್ಟ್ರ ಬೆರಳುಗಳಲ್ಲಿ ಯಾವಾಗಲೂ ತೆಂಗಿನೆಣ್ಣೆಯ ಪಸೆ. ಹಿಡಿದ ಸೀಮೆಸುಣ್ಣಕ್ಕೆ ಎಣ್ಣೆ ಹತ್ತಿ, ಅರ್ಧ ಪಾಠ ಆಗುವಷ್ಟರಲ್ಲಿ ಅದು ಹಲಗೆಯ ಮೇಲೆ ಜಾರತೊಡಗುತ್ತಿತ್ತು. ಆಗ ಅದನ್ನು ಮುರಿದು ಹೊಸ ತುದಿಯಿಂದ ಬರೆಯುತ್ತಿದ್ದರು. ಬರೆಯುವಾಗ ಎಡ ಅಂಗೈಯನ್ನು ಹಲಗೆಯ ಅಂಚಿಗೆ ಒತ್ತಿ ನಿಲ್ಲುವುದು ಅಭ್ಯಾಸ. ಅಲ್ಲಿ ಕೈಯಗಲದ ಒಂದು ಗುರುತು ಬಿದ್ದಿತ್ತು.

ಕಡಬದ ಹತ್ತಿರದ ಆ ಪದವಿಪೂರ್ವ ಕಾಲೇಜಿಗೆ ನಾನು ಪ್ರಾಂಶುಪಾಲನಾಗಿ ಬಂದಾಗ ಕೆಮಿಸ್ಟ್ರಿ ಮಾಸ್ಟ್ರು ಅಲ್ಲಿ ಹಳಬರು. ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು. ಬಟ್ಟೆ, ಹಲಗೆ, ಕೈ ಎಲ್ಲವೂ ಶುಭ್ರವಾಗಿರಬೇಕು. ಮೊದಲ ವಾರವೇ ಅವರನ್ನು ಕರೆದು, ಕೈ ತೊಳೆದು ತರಗತಿಗೆ ಹೋಗಿ ಎಂದೆ.

"ತೊಳೆದಿದ್ದೇನೆ ಸರ್. ನೀರಿಗೆ ಹೋಗುದಿಲ್ಲ."

"ಸೋಪು ಉಂಟಲ್ಲ?"

"ಸೋಪು ಹಾಕ್ತಾ ಕೂತ್ರೆ ಬಸ್ಸು ತಪ್ತದೆ," ಎಂದು ನಕ್ಕರು.

ಮರುದಿನ ನಳ್ಳಿಯ ಬಳಿ ಸೋಪು ಇಡಿಸಿದೆ. ವಿಧೇಯರಾಗಿ ತೊಳೆದರು. ವರ್ಷಗಟ್ಟಲೆ ಎಣ್ಣೆ ಕುಡಿದ ಚರ್ಮ. ಎರಡನೆಯ ಪೀರಿಯಡ್ಡಿಗೆ ಮತ್ತೆ ಮಿನುಗುತ್ತಿತ್ತು. ಬೇಸಿಗೆ ರಜೆಯಲ್ಲಿ ಹಲಗೆಗಳಿಗೆ ಕಪ್ಪು ಬಳಿಸಿದರೆ ಆ ಅಂಗೈಯ ಜಾಗ ಮಾತ್ರ ಬಣ್ಣ ಹಿಡಿಯುತ್ತಿರಲಿಲ್ಲ.

ಗಂಟೆ ಬಾರಿಸಿದ ಮೇಲೆ ಪಾಠ ಎಳೆಯುವವರಲ್ಲ ಅವರು. ವರ್ಷಕ್ಕೆ ಒಂದು ಪಾಠ ಮಾತ್ರ ಗಂಟೆ ಮೀರುತ್ತಿತ್ತು: ಸಾವಯವ ಸಂಯುಕ್ತಗಳಲ್ಲಿ ಕೆಲವು ನೀರಿನಲ್ಲಿ ಏಕೆ ಕರಗುತ್ತವೆ, ಕೆಲವು ಏಕೆ ಕರಗುವುದಿಲ್ಲ ಎಂಬುದು. ಕಾರಣ ತಿಳಿಯಬೇಕೆಂದು ಒಮ್ಮೆ ಕಿಟಕಿಯ ಪಕ್ಕ ನಿಂತೆ.

"ನೀರಿನ ಕಣಗಳು ಒಂದರ ಕೈ ಒಂದು ಹಿಡ್ಕೊಂಡು ನಿಂತಿವೆ ಅಂತ ಇಟ್ಕೊಳ್ಳಿ. ಸ್ಪಿರಿಟಿಗೆ ಓ-ಎಚ್ ಅಂತ ಒಂದು ಕೈ ಉಂಟು. ನೀಡ್ತದೆ, ಒಳಗೆ ಸೇರ್ತದೆ. ಸಕ್ಕರೆಗೆ ಮೈಯೆಲ್ಲ ಕೈ. ಎಣ್ಣೆಗೆ? ಉದ್ದುದ್ದ ಬಾಲ, ಹೆಚ್ಚುಕಡಿಮೆ ಬರೀ ಕಾರ್ಬನ್ನು, ಹೈಡ್ರೋಜನ್ನು. ನೀರು ಹಿಡಿಲಿಕ್ಕೆ ಕೈ ಎಲ್ಲುಂಟು?"

ನೆಲ್ಯಾಡಿ ಕಡೆಯ ಒಬ್ಬ ಹುಡುಗಿ ಎದ್ದಳು. "ಸರ್, ಅಪ್ಪ ರಬ್ಬರ್ ಹಾಲಿಗೆ ನೀರು ಹಾಕ್ತಾರೆ. ಬೆರೀತದಲ್ಲ?"

"ಬೆರೆಯುದು ಬೇರೆ, ಕರಗುದು ಬೇರೆ ಮಾರಾಯ್ತಿ. ಆ್ಯಸಿಡ್ ಹಾಕಿದ ಮೇಲೆ ಎಂತಾಗ್ತದೆ?"

"ಗಟ್ಟಿಯಾಗ್ತದೆ. ರಬ್ಬರ್ ಬೇರೆ, ನೀರು ಬೇರೆ."

"ಹಾಂ. ಅಷ್ಟು ಹೊತ್ತು ಒಳಗೆ ತೇಲ್ತಾ ಇತ್ತು, ಅಷ್ಟೆ. ನೆಂಟರ ಮನೆಗೆ ಬಂದ ಹಾಗೆ."

ತರಗತಿ ನಕ್ಕಿತು. ಗಂಟೆ ಹೊಡೆಯಿತು. ಅವರು ಕೈ ಎತ್ತಿ ಎಲ್ಲರನ್ನೂ ಕೂರಿಸಿದರು.

"ಇದು ಪರೀಕ್ಷೆಗೆ ಬರುದಿಲ್ಲ. ನೀರಲ್ಲಿ ಕರಗುದಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ. ಅದಕ್ಕೆ ಬೇರೆ ಮನೆ ಉಂಟು ಅಂತ. ಆ ಮನೆ ಯಾವುದು ಅಂತ ಕೇಳಿ. ಕೇಳದೆ ಬಿಡ್ಬೇಡಿ." ಎಡ ಅಂಗೈ ಹಲಗೆಯ ಅಂಚಿನಲ್ಲೇ ಇತ್ತು. ನಾನು ಸದ್ದಿಲ್ಲದೆ ಹಿಂದಕ್ಕೆ ಬಂದೆ.

ಒಂದು ಭಾನುವಾರ ಬೆಳಿಗ್ಗೆ ಕಾಲೇಜಿನ ಕೆಲಸಕ್ಕಾಗಿ ಅವರ ಮನೆಗೆ ಹೋದೆ. ಗೇರು ಗುಡ್ಡೆಯ ಬುಡದ ಮನೆ. ಜಗಲಿಯಲ್ಲಿ ಚಾಪೆ ಹಾಸಿ ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಇಪ್ಪತ್ತು ದಾಟಿದ ಮಗಳು; ಮೈ ಮಾತ್ರ ಚಿಕ್ಕ ಮಗುವಿನದು. ಕಾಲುಗಳು ಕೋಲಿನಂತೆ ಸೆಟೆದಿದ್ದವು. ಮಾತಿಲ್ಲ. ಅಪ್ಪನ ಕೈ ನಿಂತರೆ ಕತ್ತು ಹೊರಳಿಸಿ ನೋಡುತ್ತಿದ್ದಳು.

"ದಿನಾ ತಿಕ್ಕಬೇಕು ಸರ್. ಇಲ್ಲದಿದ್ರೆ ಮಂಡಿ ಮಡಚುದಿಲ್ಲ."

ತಿಕ್ಕುತ್ತಲೇ ಹೇಳಿದರು. "ಗೇರಿನ ಹುಳಕ್ಕೆ ಅಂತ ಹೆಲಿಕಾಪ್ಟರಲ್ಲಿ ಗುಡ್ಡೆಗೆ ಎಂಡೋಸಲ್ಫಾನ್ ವಿಷ ಬಿಡ್ತಿದ್ದ ಕಾಲ. ಬಾವಿ ಮುಚ್ಚಿ, ದನ ಕಟ್ಟಿ ಅಂತ ಹೇಳಿ ಹೋಗಿದ್ರು. ನನ್ನ ಹೆಂಡತಿ ಬಸುರಿ. ಟಾರ್ಪಲ್ ಹಿಡ್ಕೊಂಡು ಬಾವಿಕಟ್ಟೆ ಹತ್ರ ಹೊರಟವಳನ್ನು ನಾನು ನಿಲ್ಲಿಸಿದೆ. ಅದು ನೀರಲ್ಲಿ ಕರಗುದಿಲ್ಲ, ಅಡಿಯಲ್ಲಿ ಕೂತ್ಕೊಳ್ತದೆ, ಹೆದರ್ಬೇಡ ಅಂದೆ. ಹೊಸ ಲೆಕ್ಚರರ್ ನೋಡಿ. ದನವನ್ನೂ ಬಿಟ್ಟೆ, ಗುಡ್ಡೆಯಲ್ಲಿ ಮೇಯ್ತು." ಇನ್ನಷ್ಟು ಎಣ್ಣೆ ಅಂಗೈಗೆ ಸುರಿದುಕೊಂಡರು. "ಹಾಲಿನಲ್ಲಿ ಕೊಬ್ಬು ಉಂಟಲ್ಲ ಸರ್. ಅದ್ರಲ್ಲಿ ಕರಗ್ತದೆ. ಬಸುರಿ ಅಂತ ದಿನಾ ಬೆಣ್ಣೆ ತಿನ್ನಿಸಿದ್ದು ನಾನೇ."

"ಅದರಿಂದಲೇ ಎಂದು ಡಾಕ್ಟರು ಹೇಳಿದರೇ?"

"ಹೇಳುದಿಲ್ಲ. ಅಲ್ಲ ಅಂತಲೂ ಹೇಳುದಿಲ್ಲ."

ಅವರ ಹೆಂಡತಿ ಚಾ ತಂದಿಟ್ಟರು. "ನೀವು ಅದನ್ನೇ ಹೇಳುದು ಬಿಡಿ. ಅವ್ರ ಚಾ ತಣಿತದೆ."

ಆಕೆ ಒಳಗೆ ಹೋದ ಮೇಲೆ ಮಾಸ್ಟ್ರು ತಗ್ಗಿದ ಸ್ವರದಲ್ಲಿ, "ಇವತ್ತಿನವರೆಗೆ ಒಂದು ಮಾತು ಬೈಲಿಲ್ಲ ಸರ್. ಬೈದಿದ್ರೆ ಒಳ್ಳೆದಿತ್ತು," ಎಂದರು.

ಗೇಟಿನವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು. "ನಾನು ಹೋದ್ರೆ ಇವಳನ್ನು ಎತ್ತುವವರು ಯಾರು? ನನಗಿಂತ ಮೊದಲು ಅವಳು ಹೋಗ್ಲಿ ಅಂತ ಕೇಳ್ಕೊಳ್ತೇನೆ. ಅಪ್ಪ ಹೇಳುವ ಮಾತಾ ಸರ್ ಇದು?"

ಮುಂದಿನ ವರ್ಷದಿಂದ ಆ ಪಾಠದ ದಿನ ಗಂಟೆ ಮೀರಿದರೂ ಅಡ್ಡಿಯಾಗದಂತೆ ಅವರಿಗೆ ಕೊನೆಯ ಪೀರಿಯಡ್ ಕೊಟ್ಟೆ. ಅಷ್ಟೇ ನನ್ನಿಂದ ಆದದ್ದು.

ನಾನು ನಿವೃತ್ತನಾಗಿ ಸುಳ್ಯಕ್ಕೆ ಬಂದೆ. ಅನಂತರ ಅವರೂ ನಿವೃತ್ತರಾದರು. ಒಂದು ಮಳೆಗಾಲದಲ್ಲಿ ಮಗಳು ಜ್ವರದಿಂದ ತೀರಿಕೊಂಡಳೆಂದು ತಿಳಿದು ಹೋದಾಗ ಆಗಲೇ ಕೆಲವು ದಿನ ಕಳೆದಿತ್ತು. ಜಗಲಿಯಲ್ಲಿ ಚಾಪೆ ಇರಲಿಲ್ಲ. ಮಾಸ್ಟ್ರ ಕೈ ಹಿಡಿದೆ. ಅಂಗೈ ಒಣಗಿ ಒರಟಾಗಿತ್ತು. ಅದು ಬೇರೆ ಯಾರದೋ ಕೈಯೆನಿಸಿತು.

"ಇನ್ನು ಸೋಪು ಬೇಡ ಸರ್," ಎಂದರು. ಕೇಳಿಕೊಂಡದ್ದು ಸಿಕ್ಕಿದವರ ಮುಖ ಅಷ್ಟು ಖಾಲಿಯಾಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನ ಮಳೆಗಾಲ ಅವರು ನೋಡಲಿಲ್ಲ. ದೊಡ್ಡ ಕಾಯಿಲೆ ಏನೂ ಇರಲಿಲ್ಲವಂತೆ. ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು ಜಗಲಿಗೆ ಬಂದು ಸುಮ್ಮನೆ ಕೂರುತ್ತಿದ್ದರೆಂದು ಅವರ ಹೆಂಡತಿ ಹೇಳಿದರು.

ಈ ಮೇ ತಿಂಗಳಲ್ಲಿ ಈಗಿನ ಪ್ರಾಂಶುಪಾಲರು ಫೋನ್ ಮಾಡಿದರು. ಅವರು ಕಾಲೇಜಿಗೆ ಹೊಸಬರು.

"ಸರ್, ಕೆಮಿಸ್ಟ್ರಿ ಕ್ಲಾಸಿನ ಬೋರ್ಡಿನ ಅಂಚಲ್ಲಿ ಎಂತದೋ ಒಂದು ಜಾಗ ಪೈಂಟೇ ಹಿಡಿಯುದಿಲ್ಲ. ಎರಡು ಸಲ ನೀರಲ್ಲಿ ಉಜ್ಜಿಸಿದೆ, ಹೋಗ್ಲಿಲ್ಲ. ಸೋಪಿಗೆ ಹೋಗ್ತದಾ?"

"ಹೋಗುತ್ತದೆ," ಎಂದೆ. "ಆದರೆ ಹಾಕಬೇಡಿ. ಹಾಗೇ ಇರಲಿ."