ಮೊದಲ ಸ್ನಾನ ಪ್ಲಂಬರನದು

ಬೀರೂರಿನ ನಮ್ಮ ಹಳೇ ಮನೆಯ ಬಚ್ಚಲನ್ನು ಹೊಸದು ಮಾಡಲು ಬಂದ ಪ್ಲಂಬರನ ಚೀಲದಲ್ಲಿ ಪೈಪು, ಸ್ಪ್ಯಾನರುಗಳ ಜೊತೆ ಟವೆಲು, ಸೋಪಿನ ಡಬ್ಬಿಯೂ ಇರುತ್ತಿದ್ದವು. ತರೀಕೆರೆಯೋ ಅಜ್ಜಂಪುರವೋ, ಎಲ್ಲೇ ಬಚ್ಚಲು ಕಟ್ಟಲಿ, ಮೊದಲ ಸ್ನಾನ ಅವನದೇ. "ಮೈಮೇಲೆ ಬೀಳೋ ತನ್ಕ ನೀರನ್ನ ನಂಬ್ಬಾರ್ದು ಕಣ್ರೀ," ಎನ್ನುತ್ತಿದ್ದ. ಮಾತಾಡುವಾಗ ಎಮ್ಮೆಯ ಬೆನ್ನು ತಟ್ಟಿದಂತೆ ಗೋಡೆ ತಟ್ಟುವುದು ಅವನ ಅಭ್ಯಾಸ.

ಗೋಡೆಯೊಳಗಿನ ಹಳೇ ಕಬ್ಬಿಣದ ಪೈಪನ್ನೂ ಬದಲಾಯಿಸು ಎಂದು ಅಮ್ಮ ಹೇಳಿದಾಗಲೂ ಹಾಗೇ ತಟ್ಟಿದ. "ಇದು ಹಳೇ ಕಾಲದ ಮಾಲು ಕಣಮ್ಮ, ನಮ್ಮಿಬ್ರಿಗಿಂತ ಗಟ್ಟಿಯಾಗೈತೆ. ಸುಮ್ನೆ ಗೋಡೆ ಯಾಕೆ ಒಡೆಯೋದು?"

ಹೊಸ ಶವರ್ ಕೂರಿಸಿದ ದಿನ ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡ. ನೀರಿನ ಸದ್ದು ಕೇಳಿತು, ಹಾಡು ಕೇಳಿತು. ಆಮೇಲೆ ಎರಡೂ ನಿಂತವು.

"ಅಮ್ಮಾ, ತಲೆಗೆಲ್ಲ ಸೋಪು ಹಚ್ಕಂಡಿದೀನಿ. ನೀರು ಬತ್ತಿಲ್ಲ!"

"ಗೋಡೆ ತಟ್ಟಿ ನೋಡಪ್ಪಾ, ಬತ್ತೈತೇನೋ," ಎಂದಳು ಅಮ್ಮ.

ನಾನು ನಗು ತಡೆದುಕೊಂಡು ಹಿತ್ತಲ ತೊಟ್ಟಿಯಿಂದ ಒಂದು ಬಿಂದಿಗೆ ನೀರು ತಂದು ಅವನು ಚಿಲಕ ತೆಗೆದು ಅರೆ ತೆರೆದ ಬಾಗಿಲ ಸಂದಿಯಲ್ಲಿ ಒಳಗೆ ದಾಟಿಸಿದೆ.

ಸ್ನಾನ ಮುಗಿಸಿ ಹೊರಬಂದವನು ಶವರ್ ಬಿಚ್ಚಿ ಕೊಡವಿದ. ಅಂಗೈ ತುಂಬ ಹಳೇ ಪೈಪಿನ ತುಕ್ಕು ಉದುರಿತು. ಯಾರೂ ಏನೂ ಹೇಳುವ ಮೊದಲೇ ಸುತ್ತಿಗೆ ಎತ್ತಿಕೊಂಡು ಗೋಡೆ ಒಡೆಯತೊಡಗಿದ.

ಹೊಸ ಪೈಪು ಹಾಕಿ ಮುಗಿಸಿದ ಸಂಜೆ ಮತ್ತೆ ಟವೆಲು ತೆಗೆದ. ಅಮ್ಮ ತುಂಬಿದ ಬಿಂದಿಗೆಯೊಂದನ್ನು ತಂದು ಬಚ್ಚಲ ಬಾಗಿಲಲ್ಲಿ ಇಟ್ಟಳು. ಅವನು ಬಿಂದಿಗೆ ನೋಡಿದ, ಅಮ್ಮನ ಮುಖ ನೋಡಿದ. ಆಮೇಲೆ ಬಿಂದಿಗೆಯನ್ನು ಎತ್ತಿಕೊಂಡೇ ಒಳಗೆ ಹೋದ.