ಮೊದಲ ಮಳೆಯನ್ನು ಚೆಲ್ಲಿದ ದಿನ

ಅತ್ತಿಗೆಯ ತವರು ಹೊಳೆದಂಡೆಯ ಮಾಗಳ. ನಮ್ಮದು ಕೂಡ್ಲಿಗಿ ಕಡೆಯ ಬೋರ್‌ವೆಲ್ ಊರು. ಬೋರಿನ ನೀರು ನೋಡಲು ತಿಳಿಯಾಗಿಯೇ ಇತ್ತು. ಆದರೆ ಫ್ಲೋರೈಡ್ ತುಂಬಿದ ಅದನ್ನು ಕುಡಿದು ಬೆಳೆದ ನನ್ನ ಹಲ್ಲಿನ ಮೇಲೂ ಅಣ್ಣನ ಹಲ್ಲಿನ ಮೇಲೂ ಕಂದು ಗೆರೆಗಳಿದ್ದವು. ಅಜ್ಜಿಯ ಮೊಣಕಾಲು ಮಡಚುತ್ತಿರಲಿಲ್ಲ. ಹೆರಿಗೆಗೆಂದು ಹೋದ ಅತ್ತಿಗೆ, ಮಗುವಿಗೆ ಹಲ್ಲು ಮೂಡುವ ಹೊತ್ತಾದರೂ ತಿರುಗಿ ಬಂದಿರಲಿಲ್ಲ. "ಕೂಸಿಗೆ ಆ ನೀರು ಕುಡಸಂಗಿಲ್ರಿ. ಬ್ಯಾರೆ ನೀರು ಮಾಡ್ರಿ, ಬರ್ತೀನಿ" ಎಂದು ಅಣ್ಣನಿಗೆ ಹೇಳಿ ಕಳಿಸಿದ್ದಳು.

ಅಣ್ಣ ಮಾಡಿದ. ತಾರಸಿಯ ಮಳೆನೀರು ಪೈಪಿನಲ್ಲಿ ಇಳಿದು, ಮರಳು ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಸೋಸಿ, ನೆಲದೊಳಗಿನ ಟ್ಯಾಂಕು ಸೇರಬೇಕು. ಆದರೆ ಮಳೆಯ ಮೊದಲ ನೀರು ತಾರಸಿಯನ್ನು ತೊಳೆಯುತ್ತದೆ. ಅದು ಒಳಗೆ ಹೋಗಬಾರದು. ಪೈಪಿನ ತುದಿಯ ಮುಚ್ಚಳ ತೆಗೆದು ಅದನ್ನು ಅಂಗಳಕ್ಕೆ ಬಿಟ್ಟು, ತಿಳಿಯಾದ ಮೇಲೆ ಮುಚ್ಚಬೇಕು. ಇದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಮುಖ ತೊಳೆದ ನೀರನ್ನೂ ಬದನೆ ಗಿಡಕ್ಕೆ ಹಾಕುವವಳು ಅವಳು.

ಮಳೆ ಬಂದಾಗ ನಾವು ಊಟಕ್ಕೆ ಕೂತಿದ್ದೆವು. ಅಣ್ಣ ಎಂಜಲು ಕೈಯಲ್ಲೇ ಓಡಿ ಮುಚ್ಚಳ ತೆಗೆದ. ಚಹಾದ ಬಣ್ಣದ ನೀರು, ಬೇವಿನ ಎಲೆ, ಪಾರಿವಾಳದ ಪುಕ್ಕ, ಎಲ್ಲ ಒಟ್ಟಿಗೆ ಅಂಗಳಕ್ಕೆ ಧುಮುಕಿದವು.

"ಲೇ, ಮುಚ್ಚಲೇ! ನೀರು ಹೊಂಟೈತಿ!" ಅಜ್ಜಿ ಕೂಗಿದಳು.

"ಹೋಗ್ಬೇಕಬೇ ಅದು! ಹೊಲಸು ಐತಿ!"

"ನೀ ಬಾಳ ಚೊಕ್ಕ ಅದಿ ನೋಡು! ಮೊದ್ಲು ಕೈ ತೊಳ್ಕೊ!"

ಅಣ್ಣ ಆ ಧಾರೆಯಲ್ಲೇ ಕೈ ತೊಳೆದ. ಅಜ್ಜಿ ನನ್ನನ್ನು ಕೊಡ ತರಲು ಅಟ್ಟಿದಳು. ಕೊಡ ತುಂಬಿತು, ಬಕೆಟ್ಟು ತುಂಬಿತು, ಹಂಡೆ ತುಂಬಿತು. ಕೊನೆಗೆ ಅಣ್ಣ ಉಣ್ಣುತ್ತಿದ್ದ ತಟ್ಟೆಯನ್ನೂ ಹಿಡಿದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ನಕ್ಕಳು: "ಯಜ್ಜೀ, ಟ್ಯಾಂಕು ಯಾಕ ಕಟ್ಟಿಸಿದ್ರಿ? ನಿಮ್ಮ ಪಾತ್ರಿನ ಸಾಕಾಗಿತ್ತಲ್ರೀ!"

"ಹಲ್ಲು ಕಿಸೀಬ್ಯಾಡ. ನಿಂದೂ ಕೊಡ ತಾ. ಎಮ್ಮಿಗಾರ ಆಕ್ಕೈತಿ."

ಅವಳು ತಂದಳು. ಅವಳ ಹಿಂದೆ ಓಣಿಯೇ ಬಂತು. ಯಾರೋ ಜಾರಿ ಬಿದ್ದರು. ಎತ್ತಲು ಹೋದವರೂ ಬಿದ್ದರು. ತೊಯ್ದು ತೊಪ್ಪೆಯಾಗಿ ನಗುತ್ತಾ, ನಾನು ಅಳುತ್ತಲೂ ಇದ್ದೆ. ಯಾಕೆಂದು ಆಗ ತಿಳಿಯಲಿಲ್ಲ.

ಅಣ್ಣ ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿದ. "ತಿಳಿ ಆತು. ಮುಚ್ಚತೀನಿ." ಮಳೆ ಆಗಲೇ ತೆಳುವಾಗುತ್ತಿತ್ತು. ಅಜ್ಜಿ ಲೋಟ ಕಸಿದುಕೊಂಡು ಮೂಸಿದಳು.

"ಪಾರಿವಾಳದ ವಾಸನಿ ಬರ್ತೈತಿ. ಬಿಡು ಇನ್ನಷ್ಟು."

"ಮಳಿ ನಿಂತ್ರ?"

"ನಿಂತ್ರ ನಿಲ್ಲಲಿ. ಕೂಸು ಕುಡಿಯೋ ನೀರಲೇ ಅದು!"

ಅಂಗಳದಲ್ಲಿ ನಗು ನಿಂತಿತು. ಅಜ್ಜಿ ನೀರನ್ನು ಬೇಕೆಂದೇ ಹರಿಯಬಿಟ್ಟದ್ದನ್ನು ನಾನು ಅಂದು ಮೊದಲ ಬಾರಿ ಕಂಡೆ. ಹನಿಗಳು ಬಿಡಿಬಿಡಿಯಾದವು. ಅಣ್ಣ ಆಕಾಶ ನೋಡಿದ. ಅಜ್ಜಿ ಪೈಪು ಬಿಟ್ಟು ಬೇರೇನೂ ನೋಡಲಿಲ್ಲ. ಆಮೇಲೆ ಗುಡ್ಡದ ಕಡೆಯಿಂದ ಸದ್ದು ಕೇಳಿತು. ಎರಡನೇ ಮಳೆ ಮೊದಲಿನದಕ್ಕಿಂತ ಜೋರಾಗಿಯೇ ಬಂತು. ಅಜ್ಜಿ ಮತ್ತೊಮ್ಮೆ ಮೂಸಿ, ಒಂದು ಗುಟುಕು ಕುಡಿದು, "ಹ್ಞೂಂ, ಹಾಕು" ಎಂದಳು.

ಮುಚ್ಚಳ ಬಿತ್ತು. ನಾವೆಲ್ಲ ಟ್ಯಾಂಕಿನ ಬಾಯಿಗೆ ತಲೆ ಕೊಟ್ಟೆವು. ಕತ್ತಲೊಳಗೆ ನೀರು ಬೀಳುವ ಸದ್ದು. ಅಣ್ಣ ಒಳಗೆ ಬಾಗಿ "ಹೋ!" ಎಂದು ಕೂಗಿದ, ಟ್ಯಾಂಕೂ ಕೂಗಿತು. ಅವನು ಅತ್ತಿಗೆಗೆ ಫೋನ್ ಮಾಡಲು ಬರಿಗಾಲಲ್ಲೇ ಎಸ್‌ಟಿಡಿ ಬೂತಿಗೆ ಓಡಿದ.

ತಿರುಗಿ ಬಂದಾಗ ಅವನು ನಗುತ್ತಲೇ ಇದ್ದ.

"ಏನಂದ್ಲಲೇ?" ಅಜ್ಜಿ ಗದರಿದಳು.

"ಅಲ್ಲೂ ಮೋಡ ಆಗೈತಂತ. ನೋಡಿದ ಕೂಡ್ಲೇ ಬಟ್ಟಿ ಕಟ್ಟಿ ಇಟ್ಟಾಳಂತ. ನಾಳಿ ಮೊದಲ್ನೇ ಬಸ್ಸಿಗೆ ಬರ್ತಾಳ."

ಅಜ್ಜಿ ಅಂಗಳ ನೋಡಿದಳು. ಕೊಡ, ಬಕೆಟ್ಟು, ಹಂಡೆ, ತಟ್ಟೆ. ಬಾಗಿಲಿನ ತನಕ ತುಂಬಿದ ಪಾತ್ರೆಗಳು.

"ಕೂಸು ಎತ್ಕೊಂಡು ಬರೋಳು ಎಲ್ಲಿ ಕಾಲಿಡಬೇಕ್ರಲೇ? ಎತ್ರಿ, ಎತ್ರಿ!"