ಇಬ್ಬರ ನಡುವಿನ ತೆಂಗಿನಮರ

ಹೊಸ ಯಂತ್ರಗಳ ಜೊತೆಗೆ ಬರುವ ಕೈಪಿಡಿಗಳನ್ನು ನೀವು ಓದುತ್ತೀರೋ ಇಲ್ಲವೋ, ನಾನಂತೂ ಸಿಟ್ಟು ಬಂದಾಗ ಮಾತ್ರ ಓದುತ್ತೇನೆ. ಆದ್ದರಿಂದ ಬಹಳಷ್ಟು ಓದಿದ್ದೇನೆ. ಎಲ್ಲ ಕೈಪಿಡಿಗಳೂ ಮೊದಲ ಪುಟದಲ್ಲಿ ಕೊಂಡವನನ್ನು ಅಭಿನಂದಿಸುತ್ತವೆ, ಕೊನೆಯ ಪುಟಗಳಲ್ಲಿ ಅದೇ ಮನುಷ್ಯ ಏನೇನು ತಪ್ಪು ಮಾಡಿರಬಹುದೆಂದು ವಿಚಾರಿಸಿಕೊಳ್ಳುತ್ತವೆ. ಮದುವೆಮನೆಯ ಆಶೀರ್ವಾದದಲ್ಲಿ ಶುರುವಾಗಿ ಪೊಲೀಸ್ ಠಾಣೆಯ ದೋಷಾರೋಪಣೆಯಲ್ಲಿ ಮುಗಿಯುವ ಇಂಥ ಸಾಹಿತ್ಯಪ್ರಕಾರ ಇನ್ನೊಂದಿಲ್ಲ.

ಕೋಪ ನನಗೆ ತಾಯಿಯ ಕಡೆಯಿಂದ ಬಂದ ಪಿತ್ರಾರ್ಜಿತ, ಅಲ್ಲ, ಮಾತ್ರಾರ್ಜಿತ. ತಿಪಟೂರಿನ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತ, ಲಾಭನಷ್ಟಗಳೆರಡನ್ನೂ ಸಮಚಿತ್ತದಿಂದ ಕಾಣಬೇಕಾದ ನಾನು, ಪೆನ್ನಿನ ಮುಚ್ಚಳ ಕಾಣದಿದ್ದರೂ ಮನೆಯನ್ನು ತಲೆಕೆಳಗು ಮಾಡುವವನು. ಅಂಥವನ ಕೈಗೆ ಡಿಜಿಟಲ್ ಕ್ಯಾಮೆರಾ ಬಂತು. ನಮ್ಮೂರಿನ ಸ್ಟುಡಿಯೋಗಳಲ್ಲಿ ಇನ್ನೂ ರೀಲು ತೊಳೆಯುತ್ತಿದ್ದ ಕಾಲವದು. ಬೆಂಗಳೂರಿನಿಂದ ಕೊಂಡು ತಂದ ಕ್ಯಾಮೆರಾವನ್ನು ಅಧ್ಯಾಪಕರ ಕೊಠಡಿಯಲ್ಲಿ ಪ್ರದರ್ಶನಕ್ಕಿಟ್ಟು ಅದರ ಗುಣಗಾನದಲ್ಲಿ ತೊಡಗಿದ್ದಾಗ ಸಹೋದ್ಯೋಗಿ ಶಿವಲಿಂಗಯ್ಯನವರು, "ರೀಲೇ ಇಲ್ದೆ ಎಷ್ಟೊಂದ್ ರೀಲು ಬುಡ್ತೀರಿ ಸಾರ್" ಎಂದರು. ಎಲ್ಲರೂ ನಕ್ಕರು. ನಾನು ಮೂರು ಪೀರಿಯಡ್ ಕಳೆಯುವವರೆಗೂ ಅವರೊಡನೆ ಮಾತಾಡಲಿಲ್ಲ.

ಅಮ್ಮನದು ನನ್ನಂತೆ ಚಿಲ್ಲರೆ ಕೋಪವಲ್ಲ, ಸಗಟು. ಅವಳೂ ಅವಳ ತಂಗಿ ರಂಗಮ್ಮ ಚಿಕ್ಕಮ್ಮನೂ ನನ್ನ ತಂಗಿ ಹುಟ್ಟಿದಂದಿನಿಂದ ಮಾತು ಬಿಟ್ಟಿದ್ದರು. ನನ್ನಜ್ಜಿ ಕೊನೆಯ ದಿನಗಳಲ್ಲಿ ಇದ್ದದ್ದು ಚಿಕ್ಕನಾಯಕನಹಳ್ಳಿಯ ಹತ್ತಿರ ಚಿಕ್ಕಮ್ಮನ ಮನೆಯಲ್ಲಿ. ಅಜ್ಜಿ ತೀರಿಕೊಂಡ ಸುದ್ದಿ ಅಮ್ಮನಿಗೆ ಮುಟ್ಟಿದ್ದು ಮಣ್ಣು ಮಾಡಿದ ಮೇಲೆ. ಅಮ್ಮ ಆಗ ಹಸಿ ಬಾಣಂತಿ. ಹಾಗೇ ಹೋಗಿ, ತಂಗಿಯ ಬಾಗಿಲಲ್ಲೇ ನಿಂತು ಶಾಪ ಹಾಕಿ ಬಂದವಳು ಆಮೇಲೆ ಅವಳ ಹೆಸರೆತ್ತಲಿಲ್ಲ. ನೆಂಟರ ಮದುವೆಗಳಲ್ಲಿ ಇಬ್ಬರೂ ಎದುರಾದರೆ ಒಬ್ಬರು ಮೊದಲ ಪಂಕ್ತಿಯಲ್ಲಿ, ಇನ್ನೊಬ್ಬರು ಕೊನೆಯ ಪಂಕ್ತಿಯಲ್ಲಿ ಉಣ್ಣುತ್ತಿದ್ದರು.

ಆಗ ಹುಟ್ಟಿದ ನನ್ನ ತಂಗಿಗೇ ಈಗ ಮಗುವಾಗಿ, ನಮ್ಮ ಮನೆಯಲ್ಲಿ ನಾಮಕರಣ ನಡೆದಾಗ, ಅವಳು ಹಟ ಹಿಡಿದು ಚಿಕ್ಕಮ್ಮನನ್ನೂ ಕರೆಸಿದಳು. ಊಟವಾದ ಮೇಲೆ, "ನನಗೋಸ್ಕರ ಒಂದು ಫೋಟೋಗೆ ಜೊತೇಲಿ ಕೂತ್ಕೊಳ್ಳಿ" ಎಂದು ಇಬ್ಬರನ್ನೂ ಹಿತ್ತಲಿನ ಕಲ್ಲುಬೆಂಚಿಗೆ ಎಳೆದು ತಂದಳು. ಒಬ್ಬಳು ಈ ತುದಿಗೆ, ಇನ್ನೊಬ್ಬಳು ಆ ತುದಿಗೆ. ನಡುವೆ ಇನ್ನೊಬ್ಬರು ಧಾರಾಳವಾಗಿ ಕೂರಬಹುದಾದಷ್ಟು ಜಾಗ. ಮಾತಿಲ್ಲ, ನಗುವಿಲ್ಲ. ನಾನು ಒತ್ತಿದೆ. ಚಿಕ್ಕಮ್ಮ ಎದ್ದು ಬಸ್ಸಿಗೆ ಹೊರಟೇಬಿಟ್ಟಳು.

ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಂಡ ಚಿತ್ರ, ದೊಡ್ಡದು ಮಾಡಿಸಿ ತಂದರೆ, ಮುಖಗಳೆರಡೂ ಹಬೆಯಲ್ಲಿ ಬೆಂದ ಇಡ್ಲಿಯ ಹಾಗೆ! ಯಾರು ಅಕ್ಕ, ಯಾರು ತಂಗಿ ಗೊತ್ತಾಗದು. ನನ್ನ ತಂಗಿ ಅದನ್ನು ನೋಡಿ ಒಳಗೆ ಹೋಗಿ ಮಗುವಿನ ಪಕ್ಕ ಮಲಗಿಬಿಟ್ಟಳು. ಬೈದಿದ್ದರೆ ವಾಸಿಯಾಗಿತ್ತು. ನನ್ನ ರೋಷವೆಲ್ಲ ಯಂತ್ರದ ಮೇಲೆ ತಿರುಗಿತು.

ಬೆಂಗಳೂರಿನ ರಿಪೇರಿ ಕೇಂದ್ರಕ್ಕೆ ಒಯ್ದು ಕೊಟ್ಟೆ. ಬಿಟ್ಟು ಬಂದು, ಮತ್ತೆ ಹೋದಾಗ ಟೈ ಕಟ್ಟಿದ ತರುಣನೊಬ್ಬ ಅದನ್ನು ಒರೆಸಿ ಮುಂದಿಟ್ಟ.

"ಕ್ಯಾಮೆರಾದಲ್ಲಿ ಏನೂ ದೋಷ ಇಲ್ಲ ಸರ್."

"ಹಾಗಾದ್ರೆ ದೋಷ ಯಾರಲ್ಲಿದೆ?" ಎಂದು ಕೌಂಟರಿನ ಗಾಜು ಅದುರುವಂತೆ ಕೂಗಿದೆ.

ಅವನು ಸಂಸ್ಕಾರವಂತ. ಬರೀ ನಕ್ಕ. ಆ ನಗು ರೈಲಿನಲ್ಲಿ ತಿಪಟೂರಿನವರೆಗೂ ನನ್ನ ಎದುರು ಸೀಟಿನಲ್ಲಿ ಕೂತು ಬಂತು. ಮನೆಗೆ ಬಂದವನೇ ಕೈಪಿಡಿಯನ್ನು ತೆರೆದೆ, ಅದು ಸುಳ್ಳು ಹೇಳುತ್ತದೆಂದು ರುಜುವಾತು ಮಾಡುವುದಕ್ಕೆ. ಗುಂಡಿಯನ್ನು ಅರ್ಧ ಒತ್ತಿದಾಗ ಚೌಕಟ್ಟಿನ ನಟ್ಟನಡುವೆ ಏನಿರುತ್ತದೆಯೋ ಅದನ್ನೇ ಈ ಕ್ಯಾಮೆರಾ ಸ್ಪಷ್ಟ ಮಾಡಿಕೊಳ್ಳುತ್ತದೆ ಎಂದಿತ್ತು. ಹಾಳಾದ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಇಬ್ಬರ ನಡುವಿನ ಖಾಲಿ ಜಾಗದಲ್ಲಿ, ದೂರದಲ್ಲಿ, ನಮ್ಮ ಹಿತ್ತಲ ತೆಂಗಿನಮರವಿತ್ತು. ಆಹಾ, ಅದರ ಸ್ಪಷ್ಟತೆಯೇ! ಗರಿ ಕಳಚಿದ ಗುರುತುಗಳು, ತೊಗಟೆಯ ಬಿರುಕುಗಳು, ಏರುತ್ತಿದ್ದ ಇರುವೆಸಾಲು ಸಹ. ನಾನು ತೆಗೆದದ್ದು ತಾಯಿ-ಚಿಕ್ಕಮ್ಮಂದಿರ ಚಿತ್ರವಲ್ಲ, ಅವರ ನಡುವಿನ ಅಂತರದ ಚಿತ್ರ. ಯಂತ್ರ ತನ್ನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿತ್ತು ಎಂಬುದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಅಭ್ಯಾಸ ಶುರುವಾಯಿತು. ಕಾಂಪೌಂಡಿನ ಮೇಲೆ ಎರಡು ತೆಂಗಿನಕಾಯಿಗಳನ್ನು ದೂರ ದೂರ ಇಟ್ಟು, ಒಂದಕ್ಕೆ ಗುರಿಯಿಟ್ಟು ಗುಂಡಿ ಅರ್ಧ ಒತ್ತಿ ಹಿಡಿದು, ಹಾಗೇ ಕ್ಯಾಮೆರಾ ತಿರುಗಿಸಿ ಎರಡನ್ನೂ ಚೌಕಟ್ಟಿಗೆ ತಂದು ಪೂರ್ತಿ ಒತ್ತುವುದು. ಫ್ಲಾಶ್ ಹಾಕಿದರೆ ಕಾಯಿ ಬೋಳುತಲೆಯ ಹಾಗೆ ಮಿನುಗುತ್ತಿತ್ತು; ಆರಿಸಿ ನೆರಳಿನಲ್ಲಿಟ್ಟರೆ ನಾರು ನಾರೂ ಕಾಣುತ್ತಿತ್ತು. ನನ್ನ ಹೆಂಡತಿ ನಾಗರತ್ನ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದವಳು, "ಅವಕ್ಕೂ ಒಂದೊಂದು ನಾಮಕರಣ ಮಾಡ್ಬುಡಿ" ಎಂದಳು.

ಕಾಯಿಗಳು ಒಲಿದ ಮೇಲೆ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದೆ. ಚಿಕ್ಕಮ್ಮ ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದಳು.

"ಆವತ್ತಿನ ಫೋಟೋ ಕೆಟ್ಟೋಯ್ತು ಚಿಕ್ಕಮ್ಮ. ಇನ್ನೊಂದ್ಸಲ ಬರ್ಬೇಕು."

ಮೊರ ನಿಂತಿತು. "ನಿಮ್ಮವ್ವ ಕಳಿಸಿದ್ಲಾ?"

"ಇಲ್ಲ. ನಾನೇ ಬಂದೆ."

"ಅದೇ ಅಂದ್ಕೊಂಡೆ." ಮೊರ ಮತ್ತೆ ಆಡತೊಡಗಿತು. ಮೊರದ ರಾಗಿ ಮುಗಿದ ಮೇಲೆ, "ಕೊಬ್ಬರಿ ಹರಾಜಿನ ದಿನ ನಮ್ಮ ಹುಡುಗ್ರು ತಿಪಟೂರಿಗೆ ಗಾಡಿ ತತ್ತಾರೆ. ಅದ್ರಲ್ಲಿ ಬತ್ತೀನಿ. ಆ ಮಗೀಗೋಸ್ಕರ, ಇನ್ಯಾರಿಗೋಸ್ಕರಾನೂ ಅಲ್ಲ" ಎಂದಳು.

ವಿಷಯ ತಿಳಿಸಿದಾಗ ಅಮ್ಮ, "ಬರೋದಾದ್ರೆ ಬರ್ಲಿ, ನನಗೇನು" ಎಂದಳು. ಹರಾಜಿನ ದಿನ ಬೆಳಗಾಗುವ ಹೊತ್ತಿಗೇ ರೇಷ್ಮೆ ಸೀರೆ ಉಟ್ಟು ತಯಾರಾಗಿದ್ದಳು.

ಮತ್ತೆ ಅದೇ ಬೆಂಚು, ಅದೇ ಎರಡು ತುದಿ. ಈ ಸಲ ನಾನು ಸರ್ವಸನ್ನದ್ಧ. ಅಮ್ಮನ ಮುಖಕ್ಕೆ ಕ್ಯಾಮೆರಾ ಹಿಡಿದು ಗುಂಡಿ ಅರ್ಧ ಒತ್ತಿದೆನೋ ಇಲ್ಲವೋ, ಪರದೆ ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು. ಹೊಸ ಬ್ಯಾಟರಿಗಾಗಿ ಜೇಬು ತಡಕುತ್ತ, "ದರಿದ್ರದ್ದು, ಬೇಕಾದಾಗ್ಲೇ ಕೈ ಕೊಡುತ್ತೆ!" ಎಂದು ಕಿರುಚಿದೆ.

ಅಮ್ಮ ಎಲ್ಲೋ ನೋಡುತ್ತ, "ಬೇಕಾದಾಗ ಕೈ ಕೊಡೋದು ನಮ್ಮ ವಂಶದಲ್ಲಿ ಹೊಸದೇನಲ್ಲ ಬುಡು" ಎಂದಳು.

ಚಿಕ್ಕಮ್ಮ ಸರಕ್ಕನೆ ತಿರುಗಿದಳು. "ಯಾರಿಗಂದೆ ಅದನ್ನ?"

"ಅವ್ವನ್ನ ಮಣ್ಣು ಮಾಡಿದ್ಮೇಲೆ ಹೇಳಿ ಕಳಿಸ್ದೋಳ್ಗೆ ಅಂದೆ."

"ಕರೀಬ್ಯಾಡ ಅಂದೋಳು ಅವ್ವ ಕಣೇ!" ಚಿಕ್ಕಮ್ಮ ಬೆಂಚಿನ ಮೇಲೇ ಜರುಗುತ್ತ ಬಂದಳು. "ಹಸೀ ಬಾಣಂತಿ, ಕೂಸು ಎತ್ಕೊಂಡು ಬಿಸ್ಲಲ್ಲಿ ಓಡ್ಬತ್ತಾಳೆ, ಎದೆ ಹಾಲು ಬತ್ತೋಯ್ತದೆ, ಎಲ್ಲಾ ಮುಗುದ್ಮೇಲೆ ಹೇಳು ಅಂತ ಆಣೆ ಹಾಕಿಸ್ಕೊಂಡ್ಲು ನನ್ ಕೈಲಿ!"

"ಸುಳ್ಳು! ಇಷ್ಟು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ದೆ ಮತ್ತೆ?" ಅಮ್ಮನೂ ಜರುಗಿದಳು.

"ನೀನು ಕೇಳಿದ್ಯಾ? ಒಳಕ್ಕೆ ಬಾ ಅಂದ್ರೆ ಬಂದ್ಯಾ? ಬಾಗ್ಲಲ್ಲಿ ನಿಂತು ಶಾಪ ಹಾಕ್ದೆ. ಅವ್ವನ್ನ ಕಳ್ಕೊಂಡಿದ್ದು ನೀನೊಬ್ಳೇನಾ? ನನಗೂ ರೋಷ ಇಲ್ವಾ?"

ಅಷ್ಟು ಹೊತ್ತಿಗೆ ಬ್ಯಾಟರಿ ಹಾಕಿ ಕ್ಯಾಮೆರಾ ಎತ್ತಿದ್ದೆ. ಒಬ್ಬಳ ಬೆರಳು ಇನ್ನೊಬ್ಬಳ ಮೂಗಿನ ಹತ್ತಿರ, ಇನ್ನೊಬ್ಬಳ ಕೈ ಗಾಳಿಯಲ್ಲಿ, ಮುಖಕ್ಕೆ ಮುಖ. ಚೌಕಟ್ಟಿನ ನಟ್ಟನಡುವೆ ಅವರಿಬ್ಬರೇ. ತೆಂಗಿನಮರಕ್ಕೆ ಇಣುಕಲೂ ಸಂದಿಯಿರಲಿಲ್ಲ. ನಾಗರತ್ನ ಬಾಗಿಲಲ್ಲಿ ನಿಂತು ಬೇಡ ಬೇಡವೆಂದು ಸನ್ನೆ ಮಾಡುತ್ತಿದ್ದಳು. ನಾನು ಒತ್ತಿದೆ.

"ಏಯ್, ಅದನ್ಯಾಕ್ಲಾ ತಗ್ದೆ!" ಇಬ್ಬರೂ ಒಂದೇ ಸ್ವರದಲ್ಲಿ ನನ್ನ ಮೇಲೆ ಬಿದ್ದರು. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ನಾನು.

ಆಮೇಲೆ ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಸಣ್ಣ ದನಿಯಲ್ಲಿ ಕೇಳಿದಳು: "ಹಾಲು ಬತ್ತೋಯ್ತದೆ ಅಂದ್ಲಾ ಅವ್ವ?"

"ಹೂಂ ಕಣಕ್ಕ. ಅದನ್ನೇ ಅಂತಿದ್ಲು, ಕೊನೇವರ್ಗೂ."

ನಾನೂ ನಾಗರತ್ನಳೂ ಒಳಗೆ ಬಂದೆವು. ಕೊಬ್ಬರಿ ಗಾಡಿ ಸಂಜೆಯ ತನಕ ಬೀದಿಯಲ್ಲಿ ಕಾದಿತ್ತು.

ನಾನು ಅದುವರೆಗೆ ತೆಗೆದ ಚಿತ್ರಗಳಲ್ಲೆಲ್ಲ ಅದೇ ಅತ್ಯುತ್ತಮ. ರೆಪ್ಪೆಗೂದಲು ಎಣಿಸಬಹುದು; ಕೋಪದಲ್ಲಿ ಉಬ್ಬಿದ ಇಬ್ಬರ ಮೂಗೂ ಒಂದೇ ಅಚ್ಚಿನದು. ಚೌಕಟ್ಟು ಹಾಕಿಸಿ ಹೆಮ್ಮೆಯಿಂದ ಅಮ್ಮನ ಮುಂದಿಟ್ಟೆ.

"ಥೂ, ನನ್ ಬಾಯಿ ನೋಡು ಹೆಂಗದೆ! ಇದನ್ನ ಗೋಡೆಗೆ ಹಾಕ್ತೀಯಾ? ಇನ್ನೊಂದ್ ತೆಗಿ. ಅವಳ್ನ ಬರಕ್ಕೇಳು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೂ ಚಿಕ್ಕಮ್ಮ ಬಂದಳು, ತೆಗೆದೆ. ಅದರಲ್ಲಿ ಅಮ್ಮನ ಕಣ್ಣು ಮುಚ್ಚಿತ್ತಂತೆ. ಮತ್ತೆ ಬಂದಳು, ಕತ್ತಲಾಯಿತಂತೆ. ಇನ್ನೊಮ್ಮೆ ಸೆರಗು ಸೊಟ್ಟ, ಮತ್ತೊಮ್ಮೆ ಹಿಂದೆ ಒಣಗಹಾಕಿದ ಪಂಚೆ. ಬೈದುಕೊಳ್ಳುತ್ತಲೇ ನಾನು ಕಣ್ಣು ರೆಪ್ಪೆ ಬಡಿಯುವ ಲಯ ಕಲಿತೆ, ಜಗಲಿಯ ಬೆಳಕು ಯಾವ ಹೊತ್ತಿಗೆ ಮೃದುವಾಗುತ್ತದೆಂದು ಕಲಿತೆ, ಒತ್ತುವ ಮುನ್ನ ಹಿನ್ನೆಲೆ ನೋಡುವುದನ್ನು ಕಲಿತೆ. ಕಾಲೇಜಿನ ಸಮಾರಂಭಗಳಿಗೆ ಶಿವಲಿಂಗಯ್ಯನವರೇ ನನ್ನನ್ನು ಫೋಟೋ ತೆಗೆಯಲು ಕರೆಯುವಂತಾಯಿತು.

ಕೊನೆಗೊಂದು ದಿನ ನಿರ್ದೋಷವಾದ ಚಿತ್ರ ಬಂತು. ಅಕ್ಕ ತಂಗಿ ಭುಜಕ್ಕೆ ಭುಜ ತಾಗಿಸಿ ಕೂತು, ಯಾವುದೋ ಮಾತಿಗೆ ನಗುತ್ತಿದ್ದರು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತಿರುಗಿಸಿ ಬೆನ್ನನ್ನೂ ನೋಡಿದಳು. ಅವಳ ಮುಖದಲ್ಲಿ ಸಣ್ಣಗೆ ಗಾಬರಿಯೊಂದು ಸುಳಿದದ್ದನ್ನು, ಆ ಹೊತ್ತಿಗೆ ಮುಖ ನೋಡುವುದನ್ನು ಕಲಿತಿದ್ದ ನಾನು, ಕಂಡೆ.

"ಪರವಾಗಿಲ್ಲ, ಚೆನ್ನಾಗೇ ಬಂದದೆ" ಎಂದಳು. ಆಮೇಲೆ ಅವಸರದಲ್ಲಿ, "ಆದ್ರೆ ಈ ಸೀರೆ ಬಣ್ಣ ನನಗೆ ಒಪ್ಪಲ್ಲ ಕಣಪ್ಪ. ಚಿಕ್ಕಮ್ಮಂಗೆ ಒಂದ್ ಫೋನ್ ಮಾಡು."

ನಾನು ಸಿಡುಕುತ್ತಲೇ ಫೋನೆತ್ತಿದೆ.